ಸರೋವರದ ದಡದಲ್ಲಿ ಕಂಡ ಚಂದ್ರ

ಹಡಗೇ ಬಾರದ ನೀರಿಗೆ ಲೈಟ್‌ಹೌಸ್ ಯಾಕೆ ಎಂದು ಯಾರಾದರೂ ಕೇಳಿದರೆ ಎಜಾಜ್ ಸುಮ್ಮನೆ ನಗುತ್ತಿದ್ದ. ಉತ್ತರ ಅವನಿಗೂ ಗೊತ್ತಿರಲಿಲ್ಲ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯೇಗೋವರೆಗೆ ಒಳನಾಡಿನ ಬೋಳುಗುಡ್ಡಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಸರೋವರಗಳು ಬೇಕಾದಷ್ಟಿವೆ. ಕೆಲವು ಕುಡಿಯುವ ನೀರಿನವು, ಕೆಲವು ಮನೆ ಮಾರುವವರು ಮನೆಗಳ ಜೊತೆಗೇ ತೋಡಿಸಿದವು. ಅಂಥವುಗಳಲ್ಲಿ ಅಲ್ಲೊಂದು ಇಲ್ಲೊಂದರ ದಡದಲ್ಲಿ ಯಾರೋ ಪುಣ್ಯಾತ್ಮರು ಚೆಂದಕ್ಕೆಂದು ಒಂದು ಲೈಟ್‌ಹೌಸ್ ನಿಲ್ಲಿಸಿರುತ್ತಾರೆ. ಮರದ ಹಲಗೆಯದು, ಕೆಂಪು ಬಿಳಿ ಪಟ್ಟೆ ಬಳಿದದ್ದು. ಒಂದರೊಳಗೆ ದೋಣಿ ಬಾಡಿಗೆಯ ಟಿಕೆಟ್ ಕೌಂಟರ್, ಇನ್ನೊಂದರೊಳಗೆ ನೀರೆತ್ತುವ ಪಂಪು, ಮತ್ತೊಂದರೊಳಗೆ ಪೊರಕೆ ಬಕೆಟ್ಟು. ದಾರಿ ತಪ್ಪಿದ ನಾವಿಕನೊಬ್ಬ ಆ ದೀಪವನ್ನು ನಂಬಿ ಬಂದರೆ ಅವನಿಗೆ ಸಿಗುವುದು ಐಸ್‌ಕ್ರೀಮ್ ಅಂಗಡಿ.

ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಎಜಾಜ್ ಹೋಗುತ್ತಿರಲಿಲ್ಲ. ನವೆಂಬರ್ ಬಂದು ದೋಣಿಗಳನ್ನೆಲ್ಲ ಬೋರಲು ಹಾಕಿ, ಅಂಗಡಿಗಳ ಷಟರ್ ಎಳೆದು, ಬಣ್ಣ ಸುಲಿದ ಆ ಸ್ತಂಭಗಳು ಒಬ್ಬಂಟಿಯಾಗಿ ನಿಂತ ಮೇಲೆ ಅವನು ಟ್ರೈಪಾಡ್ ಹೊತ್ತು ಹೊರಡುತ್ತಿದ್ದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಹೆಂಡತಿ ರೆಹಾನಾ ಹೇಳುತ್ತಿದ್ದಳು. ಹಾಗೆ ಹೇಳಿ ತಾನೂ ಕಾರು ಹತ್ತುತ್ತಿದ್ದಳು. ನ್ಯೂಯಾರ್ಕಿನ ಅವಳಿ ಗೋಪುರ ಉರುಳಿದ ೨೦೦೧ರ ಚಳಿಗಾಲದಲ್ಲಿ ಮಾತ್ರ ಅವಳು ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ತನ್ನ ಪರ್ಸಿನಲ್ಲಿ ಹಾಕಿಕೊಂಡಿದ್ದಳು. ಆ ವರ್ಷ ಅವನೂ ಕೇಳಲಿಲ್ಲ.

ಎಜಾಜ್ ಮೈಸೂರಿನ ಮಂಡಿ ಮೊಹಲ್ಲಾದವನು. ಓದಲೆಂದು ಪೊಮೊನಾಕ್ಕೆ ಬಂದು, ಓದು ಅರ್ಧಕ್ಕೆ ನಿಂತು, ಮೈಕ್ರೋಸ್ಕೋಪ್ ರಿಪೇರಿಯ ಕೆಲಸ ಹಿಡಿದ. ಟೊರ್ರಿ ಪೈನ್ಸ್ ಗುಡ್ಡದ ಮೇಲಿನ ಲ್ಯಾಬುಗಳಲ್ಲಿ ಮೈಕ್ರೋಸ್ಕೋಪು ಮಂಜಾದರೆ, ಓರೆಯಾದರೆ, ಅವನು ತನ್ನ ಕಪ್ಪು ಬ್ಯಾಗು ಹಿಡಿದು ಹೋಗಬೇಕು. ಲೆನ್ಸು ಒರೆಸಿ, ಕಣ್ಣಿಟ್ಟು, ಸರಿ ಇದೆ ಎಂದು ಸಹಿ ಹಾಕಿದರೆ ಮುಗಿಯಿತು, ದೊಡ್ಡ ದೊಡ್ಡ ವಿಜ್ಞಾನಿಗಳು ಅದರ ಮೇಲೆ ಮತ್ತೆ ಮಾತಾಡುತ್ತಿರಲಿಲ್ಲ. ಹಣ, ಹೆಸರು ಯಾವುದೂ ಅವನು ಸಂಪಾದಿಸಲಿಲ್ಲ. ಸಂಪಾದಿಸಿದ್ದು ಇದೊಂದು, ಅವನ ಕಣ್ಣಿಗೆ ಬೆಲೆ ಇತ್ತು.

ಸ್ಯಾನ್ ಡಿಯೇಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಅವನ ಮನೆಯಿಂದ ಎರಡು ಬೀದಿ ಆಚೆಗೆ ಶಾದಾಬ್ ಇದ್ದ. ಶಾದಾಬ್‌ನ ತಂದೆ ಬಶೀರ್ ಸಾಹೇಬರು ಮೈಸೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ಎಜಾಜ್‌ಗೆ ಮೂರು ವರ್ಷ ಪಾಠ ಹೇಳಿದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಜೊತೆ ಇದ್ದರು. ಮನೆಯಲ್ಲಿ ಎಲ್ಲರೂ ಉರ್ದು ಆಡಿದರೂ ಎಜಾಜ್ ಬಂದರೆ ಕನ್ನಡವೇ. ಇಡೀ ಕ್ಯಾಲಿಫೋರ್ನಿಯಾದಲ್ಲಿ ಅವನ ಲೈಟ್‌ಹೌಸ್ ಸ್ಲೈಡುಗಳನ್ನು ಕೊನೆಯವರೆಗೆ ನೋಡುವ ತಾಳ್ಮೆ ಇದ್ದದ್ದು ಅವರೊಬ್ಬರಿಗೆ. ಪ್ರೊಜೆಕ್ಟರ್ ತಂದು ಗೋಡೆಯ ಮೇಲೆ ಒಂದೊಂದಾಗಿ ಹಾಕಿದರೆ, ಪ್ರಬಂಧ ತಿದ್ದುವಂತೆ ಒಂದೊಂದಕ್ಕೂ ಒಂದು ಮಾತು ಹೇಳುತ್ತಿದ್ದರು.

"ಇದು ಪಾಪ, ಸ್ಕೂಲ್ ಡೇ ನಾಟಕದಲ್ಲಿ ರಾಜನ ಪಾರ್ಟ್ ಮಾಡಿದ ಹುಡುಗನ ಥರ ಇದೆ ಕಣೋ. ನಾಟಕ ಮುಗ್ದಿದೆ, ಕಿರೀಟ ತೆಗೆಯೋರಿಲ್ಲ."

೨೦೦೪ರ ಸೆಪ್ಟೆಂಬರಿನಲ್ಲಿ ಮೇಷ್ಟ್ರ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಡಾಕ್ಟರು ತಡಮಾಡದೆ ಔಷಧಿ ಶುರು ಮಾಡೋಣ ಎಂದರು. ಮೇಷ್ಟ್ರು ಒಪ್ಪಲಿಲ್ಲ. ರಂಜಾನ್ ಅಕ್ಟೋಬರ್ ಮಧ್ಯದಲ್ಲಿ ಬರುತ್ತದೆ, ಅದು ಮುಗಿದ ಮಾರನೆಯ ವಾರ ಶುರು ಮಾಡಿ ಎಂದು ಕೂತರು. ಶಾದಾಬ್ ಅತ್ತ, ಬೈದ. ಕಾಯಿಲೆಯವರಿಗೆ ರೋಜಾ ಉಪವಾಸ ಮಾಫಿ ಇದೆ ಎಂದು ಮೌಲಾನಾರಿಂದಲೂ ಹೇಳಿಸಿದ.

"ಮಾಫಿ ಇದೆ ಅಂತ ನನಗೂ ಗೊತ್ತಪ್ಪಾ," ಎಂದರು ಮೇಷ್ಟ್ರು. "ಇನ್ನೊಂದು ರಂಜಾನ್ ನನಗೆ ಸಿಗಲ್ಲ ಅಂತಾನೂ ಗೊತ್ತು. ಇದನ್ನ ಪೂರ್ತಿ ಮಾಡ್ಕೊಂಡು ಹೋಗ್ತೀನಿ. ಒಂದೂ ಬಿಡಲ್ಲ."

ಬೆಳಗಿನ ಜಾವ ಎರಡು ಚಮಚ ಗಂಜಿ, ಸಂಜೆ ಒಂದು ಖರ್ಜೂರ, ಅರ್ಧ ಲೋಟ ನೀರು. ಹಾಗೆ ಇಪ್ಪತ್ತೊಂಬತ್ತು ದಿನ ನಡೆಸಿದರು. ಇಪ್ಪತ್ತೊಂಬತ್ತನೆಯ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಮೂವತ್ತನೆಯ ಉಪವಾಸ. ಊರಿನ ದೊಡ್ಡ ಮಸೀದಿಗಳು ತಮ್ಮ ತಮ್ಮ ಲೆಕ್ಕದಲ್ಲಿ ನಡೆದುಕೊಳ್ಳುತ್ತಿದ್ದವು. ಬೆಂಗಳೂರು ಮೈಸೂರಿನ ಮೂವತ್ತು ಮನೆಯವರು ಒಂದು ಲಾಂಡ್ರಿಯ ಪಕ್ಕ ನಮಾಜಿಗೆಂದು ಬಾಡಿಗೆಗೆ ಹಿಡಿದಿದ್ದ ಹಾಲಿನಲ್ಲಿ ಮಾತ್ರ ಹಳೇ ಪದ್ಧತಿ. ಸ್ವಂತ ಕಣ್ಣಿಗೆ ಕಾಣಬೇಕು, ಕಂಡವರು ಬಂದು ಗವಾಹಿ, ಅಂದರೆ ಸಾಕ್ಷಿ ಹೇಳಬೇಕು. ಆ ಪದ್ಧತಿಯನ್ನು ಅಲ್ಲಿ ಊರಿಸಿದವರೇ ಮೇಷ್ಟ್ರು. ಮೈಸೂರಿನಲ್ಲಿ ಅವರು ಮೂವತ್ತು ವರ್ಷ ಚಂದ್ರ ನೋಡುವ ಕಮಿಟಿಯಲ್ಲಿದ್ದರು.

ಅವತ್ತು ಶುಕ್ರವಾರ. ಎಜಾಜ್ ಮಧ್ಯಾಹ್ನದ ನಮಾಜು ಮುಗಿಸಿ, ರಜಾ ಹಾಕಿ, ರೆಹಾನಾಳನ್ನೂ ವಯಸ್ಸಿಗೆ ಬಂದ ಮಗಳು ಮರಿಯಮ್‌ಳನ್ನೂ ಕೂರಿಸಿಕೊಂಡು ಪೂರ್ವದ ಗುಡ್ಡಗಳ ನಡುವಿನ ಒಂದು ಸರೋವರಕ್ಕೆ ಹೋಗಿದ್ದ. ಹೊತ್ತು ಮುಳುಗುವಾಗ ಲೈಟ್‌ಹೌಸ್ ಕಪ್ಪಾಗಿ ನೀರಿನಲ್ಲಿ ಬೀಳುವ ಚಿತ್ರ ಅವನಿಗೆ ಬೇಕಿತ್ತು. ಸೂರ್ಯ ಆಚೆ ದಡದ ಗುಡ್ಡ ಇಳಿಯುತ್ತಿದ್ದಂತೆ ಶಾದಾಬ್‌ನ ಫೋನ್ ಬಂತು. ಅವನು ಹತ್ತು ಹನ್ನೆರಡು ಜನರ ಜೊತೆ ಟೊರ್ರಿ ಪೈನ್ಸ್‌ನ ಸಮುದ್ರದಂಚಿನಲ್ಲಿ ನಿಂತಿದ್ದ.

"ಎಜಾಜ್ ಭಾಯ್, ಇಲ್ಲಿ ಬರೀ ಫಾಗು. ಪಕ್ಕದಲ್ಲಿರೋರ ಮುಖಾನೇ ಕಾಣ್ತಿಲ್ಲ. ನಿಮ್ಮ ಕಡೆ ಕ್ಲಿಯರ್ ಇದ್ಯಾ?"

"ಕನ್ನಡಿ ಥರ ಇದೆ."

"ಹಾಗಾದ್ರೆ ನೋಡಿ ಭಾಯ್. ಅಬ್ಬಾ ಹಾಲ್‌ನಲ್ಲಿ ಕೂತು ಕಾಯ್ತಾ ಇದ್ದಾರೆ. ಎಲ್ಲಾ ನಿಮ್ಮ ಮೇಲೇ."

ಎಲ್ಲಾ ನಿಮ್ಮ ಮೇಲೇ. ಇಪ್ಪತ್ತು ವರ್ಷದಲ್ಲಿ ಎಜಾಜ್‌ಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅವನು ಕ್ಯಾಮೆರಾ ಬಿಟ್ಟು ಪಶ್ಚಿಮಕ್ಕೆ ಕಣ್ಣು ನೆಟ್ಟ. ಐದು ನಿಮಿಷ ಏನೂ ಇಲ್ಲ. ಆಮೇಲೆ ಲೈಟ್‌ಹೌಸ್‌ನ ತುದಿಯಿಂದ ಎರಡು ಬೆರಳು ಎಡಕ್ಕೆ, ಕಿತ್ತಳೆ ಬೆಳಕಿನೊಳಗೆ, ಕೂದಲೆಳೆಯಷ್ಟು ತೆಳ್ಳಗೆ, ಬಾಗಿದ್ದೊಂದು ಕಂಡಿತು. ದಿನವಿಡೀ ನೀರು ಕುಡಿಯದೆ ಹಗುರಾದ ತಲೆ, ಆಸೆ ತುಂಬಿದ ಕಣ್ಣು.

"ರೆಹಾನಾ, ಅಲ್ಲಿ. ಕಾಣ್ತಾ?"

ರೆಹಾನಾ ಶಾಲನ್ನು ಬಿಗಿಯಾಗಿ ಹೊದ್ದು ಅವನ ಬೆರಳಗುಂಟ ನೋಡಿದಳು. "ಹೂಂ. ಇದೆ."

ಮರಿಯಮ್ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಆಕಾಶವನ್ನೂ ನೋಡಿದಳು. "ಯಾ, ಅಬ್ಬು. ಐ ಥಿಂಕ್ ಐ ಸೀ ಇಟ್."

ಎಜಾಜ್ ಎರಡು ಫೋಟೋ ತೆಗೆದ, ಒಂದು ಆಗಲೇ, ಇನ್ನೊಂದು ನಾಲ್ಕು ನಿಮಿಷ ಬಿಟ್ಟು. ಆಮೇಲೆ ಕಾರಿನ ಬಾನೆಟ್ ಮೇಲೆ ಖರ್ಜೂರ ಇಟ್ಟುಕೊಂಡು ಮೂವರೂ ಉಪವಾಸ ಬಿಟ್ಟರು. ಮೌಲಾನಾ ಫೋನಿನಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು. ಉಳಿದವರ ಆಕಾಶ ಮುಚ್ಚಿರುವಾಗ ಒಬ್ಬ ಗಂಡಸು, ಇಬ್ಬರು ಹೆಂಗಸರ ಗವಾಹಿ ಸಾಕು ಎಂಬುದು ಅವರ ನಿಯಮ. ಸರಿಯಾಗಿ ಅಷ್ಟೇ ಜನ ಅಲ್ಲಿದ್ದರು.

ಹಾಲಿಗೆ ಬಂದಾಗ ಒಬ್ಬನು ಮಾತ್ರ ಒಪ್ಪಿರಲಿಲ್ಲ. ಅಯ್ಮಾನ್ ಎಂಬ ಟೆಲಿಕಾಂ ಇಂಜಿನಿಯರ್ ಲ್ಯಾಪ್‌ಟಾಪ್ ತೆರೆದು ನಿಂತಿದ್ದ.

"ಇವತ್ತು ಚಂದ್ರ ಹುಟ್ಟಿ ಹತ್ತು ಗಂಟೆ ಆಗಿದೆ ಅಷ್ಟೇ. ಅಷ್ಟು ಚಿಕ್ಕ ಚಂದ್ರ ಬರಿಗಣ್ಣಿಗೆ ಕಾಣೋ ಚಾನ್ಸೇ ಇಲ್ಲ. ಎಜಾಜ್ ಭಾಯ್ ಬೇರೇನೋ ನೋಡಿರ್ಬೇಕು."

ಕುರ್ಚಿಯ ಮೇಲೆ ಶಾಲು ಹೊದ್ದು ಕೂತಿದ್ದ ಮೇಷ್ಟ್ರು ಕೈ ಎತ್ತಿದರು. ಕೈ ಕಡ್ಡಿಯಾಗಿತ್ತು.

"ನಿಮ್ಮ ಲೆಕ್ಕ ನನಗೆ ಬರಲ್ಲಪ್ಪ. ಇವನು ನನ್ನ ಕೈಲಿ ಓದಿದ ಹುಡುಗ. ವ್ಯಾಕರಣ ತಪ್ಪು ಬರ್ದಿದ್ದಾನೆ, ಸುಳ್ಳು ಹೇಳಿದ್ದಿಲ್ಲ. ಇವನು ನೋಡಿದ್ದು ನಾನು ನೋಡಿದ ಹಾಗೆ."

ಮರುದಿನ ಶನಿವಾರ ಹಬ್ಬ. ಮೇಷ್ಟ್ರು ಒಂದು ಚಮಚ ಶೀರ್ ಖುರ್ಮಾ ಪಾಯಸ ಬಾಯಿಗಿಟ್ಟು, ಅಲ್ಲಾಹ್ ಪೂರ್ತಿ ಮಾಡಿಸಿದ ಎಂದು ಎಲ್ಲರೆದುರು ಅತ್ತರು. ಸೋಮವಾರ ಔಷಧಿ ಶುರುವಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಎಜಾಜ್‌ನ ಪ್ರಮಾಣ ಅವನ ಕ್ಯಾಮೆರಾದೊಳಗೇ ಸುರುಳಿ ಸುತ್ತಿಕೊಂಡು ಕೂತಿತ್ತು. ರೋಲಿನಲ್ಲಿ ಇನ್ನೂ ಒಂಬತ್ತು ಚಿತ್ರ ಉಳಿದಿದ್ದವು, ಅವು ಮುಗಿಯುವ ಹೊತ್ತಿಗೆ ಡಿಸೆಂಬರ್ ಬಂತು. ಹತ್ತಿರದ ಅಂಗಡಿಗಳು ಸ್ಲೈಡ್ ತೊಳೆಯುವುದನ್ನು ನಿಲ್ಲಿಸಿದ್ದರಿಂದ ಲಾಸ್ ಏಂಜಲಿಸ್‌ಗೆ ಕಳಿಸಬೇಕಾಯಿತು. ಕ್ರಿಸ್‌ಮಸ್ ರಜೆಯಲ್ಲಿ ಡಬ್ಬಿ ಮನೆಗೆ ಬಂತು. ಗ್ಯಾರೇಜಿನಲ್ಲಿ ಬೆಳಕಿನ ಪೆಟ್ಟಿಗೆಯ ಮೇಲೆ ಸ್ಲೈಡ್ ಇಟ್ಟು ಅವನು ಭೂತಗನ್ನಡಿಗೆ ಕಣ್ಣು ಕೊಟ್ಟ. ಕೆಲಸದಲ್ಲಿ ದಿನಾ ಮಾಡುವುದೇ ಅದು.

ಮೊದಲ ದಿನದ ಚಂದ್ರ ಬಟ್ಟಲಿನಂತಿರುತ್ತದೆ. ಮುಳುಗಿದ ಸೂರ್ಯ ಕೆಳಗಿರುವುದರಿಂದ ಹೊಟ್ಟೆ ಕೆಳಕ್ಕೆ, ಕೊಂಬು ಮೇಲಕ್ಕೆ. ಸ್ಲೈಡಿನಲ್ಲಿದ್ದದ್ದು ಹುಬ್ಬಿನಂತಿತ್ತು, ಹೊಟ್ಟೆ ಮೇಲಕ್ಕೆ, ಕೊಂಬು ಕೆಳಕ್ಕೆ. ಎರಡನೆಯ ಸ್ಲೈಡಿನಲ್ಲಿ ಅದು ಬಲಕ್ಕೆ ಸರಿದು, ನೆಟ್ಟಗಾಗಿ, ನಡುವೆ ತುಂಡಾಗಿತ್ತು. ದೂರದ ವಿಮಾನವೊಂದು ಬಿಟ್ಟುಹೋದ ಹೊಗೆಯ ಗೆರೆ. ಬಿಸಿಲು ತಾಗಿ ಹೊಳೆದಿತ್ತು, ಅಷ್ಟೆ.

ಅವನು ರೆಹಾನಾಳನ್ನು ಕರೆದು ತೋರಿಸಿದ. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು.

"ನಾನು ಆವತ್ತು ಏನೂ ನೋಡ್ಲಿಲ್ಲ ಕಣ್ರೀ," ಎಂದಳು.

"ಮತ್ತೆ ಇದೆ ಅಂದ್ಯಲ್ಲ."

"ನೀವು ಅಷ್ಟು ಖುಷಿಯಾಗಿದ್ರಿ. ನಿಮ್ಮ ಈ ಫೋಟೋ ಹುಚ್ಚು ಒಂದು ಸಲಾನಾದ್ರೂ ಯಾರಿಗೋ ಬೇಕಾಗಿತ್ತು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಮರಿಯಮ್‌ಳನ್ನು ಕೇಳುವುದೇ ಬೇಕಿರಲಿಲ್ಲ.

ಎಜಾಜ್ ಯಾರದೋ ಕಥೆಯೆಂಬಂತೆ ಮೌಲಾನಾರನ್ನು ಕೇಳಿ ಬಂದ. ಗೊತ್ತಿಲ್ಲದೆ ತಪ್ಪಿದ್ದರೆ ಪಾಪವಿಲ್ಲ ಎಂದರು ಅವರು. ಗೊತ್ತಾದ ಮೇಲೆ ಒಂದು ದಿನದ ಉಪವಾಸ ಬಾಕಿ ತೀರಿಸಬೇಕು, ಕಾಯಿಲೆಯವರು ಅದರ ಬದಲು ಒಬ್ಬ ಬಡವನಿಗೆ ಊಟ ಹಾಕಿಸಿದರೂ ನಡೆಯುತ್ತದೆ. ಮೂವತ್ತು ಮನೆಯವರಿಗೆ ಅದು ಏನೂ ಅಲ್ಲ, ಜನವರಿಯ ಹಗಲು ಗಿಡ್ಡ. ಎಜಾಜ್‌ಗೆ ಇದ್ದದ್ದು ಒಂದೇ ಭಯ. ತಿಳಿದರೆ ಮೇಷ್ಟ್ರು ಬಡವನ ಊಟಕ್ಕೆ ಒಪ್ಪುವ ಜಾತಿಯವರಲ್ಲ, ಉಪವಾಸ ಮಾಡಿಯೇ ತೀರುತ್ತಾರೆ. ಮಾಡಿದರೆ ಆ ದೇಹ ತಡೆಯುವುದಿಲ್ಲ. ಹೇಳದಿದ್ದರೆ, ಒಂದೂ ಬಿಡುವುದಿಲ್ಲ ಎಂದು ಹಠ ಹಿಡಿದ ಮನುಷ್ಯ ಒಂದನ್ನು ಬಿಟ್ಟು ಹೋಗುತ್ತಾರೆ, ಅದೂ ಇವನ ಮಾತು ನಂಬಿ. ಔಷಧಿ ಒಂದು ಸುತ್ತು ಮುಗಿಯಲಿ ಎಂದುಕೊಂಡ. ಮುಗಿಯಿತು. ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡ. ಹೊಸ ವರ್ಷದ ಮೊದಲ ವಾರ ಡಾಕ್ಟರು ಇನ್ನು ಔಷಧಿ ಬೇಡ, ಮನೆಯಲ್ಲೇ ಇರಲಿ ಎಂದು ಕೈ ತೊಳೆದುಕೊಂಡರು. ಎಜಾಜ್ ಒಳ್ಳೆಯವನು, ಆದರೆ ಹೇಡಿ. ಒಳ್ಳೆಯತನವೂ ಹೇಡಿತನವೂ ಒಂದೇ ಮುಖ ಹಾಕಿಕೊಂಡು ಬಂದಾಗ ಗುರುತಿಸುವುದು ಕಷ್ಟ.

ಅದಾದ ಭಾನುವಾರ ಮಧ್ಯಾಹ್ನ ಮೇಷ್ಟ್ರು ಹೇಳಿ ಕಳಿಸಿದರು, ಸ್ಲೈಡ್ ತಗೊಂಡು ಬಾ ಎಂದು. ಶಾದಾಬ್ ಮನೆಯ ಹಾಲಿನ ಪರದೆ ಎಳೆದು, ತಂದೆಗೆ ದಿಂಬು ಒತ್ತು ಕೊಟ್ಟು, ಅಡುಗೆಮನೆಗೆ ಹೋದ. ಎಜಾಜ್ ಐದಾರು ಲೈಟ್‌ಹೌಸ್ ತೋರಿಸಿದ.

"ಆವತ್ತಿಂದು ಹಾಕೋ," ಎಂದರು ಮೇಷ್ಟ್ರು. "ಚಂದ್ರ ಬಂದಿದ್ದಾನಾ ನೋಡೋಣ."

ಅದು ಸರಿಯಾಗಿ ಬಂದಿಲ್ಲ ಸಾರ್ ಎಂದರೆ ಮುಗಿಯುತ್ತಿತ್ತು. ಹಾಗೆ ಹೇಳಲೆಂದೇ ಅವನು ಬಾಯಿ ತೆರೆದ. ಆದರೆ ಆ ಎರಡೂ ಸ್ಲೈಡುಗಳನ್ನು ಅವನು ಮನೆಯಿಂದ ಜೇಬಿನಲ್ಲಿಟ್ಟು ತಂದಿದ್ದ. ಹೇಳದೆಯೇ ಗೊತ್ತಾಗಿಬಿಡಲಿ ಎಂಬ ಆಸೆ ಅವನೊಳಗೆ ಎಲ್ಲೋ ಇತ್ತು, ಆ ಆಸೆಗಾಗಿ ಅವನು ಮುಂದೆ ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ. ಸ್ಲೈಡ್ ಹಾಕಿದ.

ಮೇಷ್ಟ್ರು ಗೋಡೆಯನ್ನು ನೋಡಿದರು. "ಸ್ವಲ್ಪ ಫೋಕಸ್ ಮಾಡು." ಮಾಡಿದ. ಗೆರೆ ಚೂಪಾಯಿತು. ಮೂವತ್ತು ವರ್ಷ ಚಂದ್ರ ನೋಡಿದ ಕಣ್ಣಿಗೆ ಬೇರೆ ಏನೂ ಬೇಕಿರಲಿಲ್ಲ.

"ಇನ್ನೊಂದು ಇದ್ಯಾ?"

"ಇದೆ ಸಾರ್."

ಎರಡನೆಯದನ್ನೂ ನೋಡಿದರು.

"ಯಾವಾಗ ತೊಳೆದು ಬಂತು ಇದು?"

"ಕ್ರಿಸ್‌ಮಸ್ ಟೈಮಲ್ಲಿ ಸಾರ್."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಜಾಜ್ ಅವರ ಕಾಲು ಹಿಡಿದು ಅಳುತ್ತಿದ್ದ, ಅದಕ್ಕಾದರೂ ಒಂದು ದಾರಿ ಆಗುತ್ತಿತ್ತು. "ಆಯ್ತು. ಮುಂದಿನದು ಹಾಕು," ಎಂದರು. ಮುಂದಿನದು ಬೋರಲು ಹಾಕಿದ ದೋಣಿಗಳು.

ಮರುದಿನ ಸೋಮವಾರ ಮೂರೂವರೆಗೆ ಶಾದಾಬ್ ಫೋನ್ ಮಾಡಿದ. ಬೆಳಗ್ಗೆಯಿಂದ ಅಬ್ಬಾ ಮಾತ್ರೆ ನುಂಗಿಲ್ಲ, ಹನಿ ನೀರೂ ತಗೊಂಡಿಲ್ಲ, ಚಮಚ ಹತ್ತಿರ ತಂದರೆ ತುಟಿ ಬಿಗಿ ಹಿಡಿಯುತ್ತಾರೆ, ನೋವಿಗೆ ಒದ್ದಾಡುತ್ತಿದ್ದಾರೆ, ನೀವು ಹೇಳಿದರೆ ಕೇಳಬಹುದು ಬನ್ನಿ ಎಂದ. ಎಜಾಜ್ ಲ್ಯಾಬಿನಲ್ಲಿ ಬಿಚ್ಚಿಟ್ಟ ಮೈಕ್ರೋಸ್ಕೋಪನ್ನು ಹಾಗೇ ಬಿಟ್ಟು ಓಡಿ ಬಂದ.

ಮೇಷ್ಟ್ರ ತುಟಿ ಒಡೆದು ರಕ್ತ ಕಟ್ಟಿತ್ತು. ಬೆರಳುಗಳು ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು. ಶಾದಾಬ್ ಒಂದು ಕೈಯಲ್ಲಿ ನೋವಿನ ಔಷಧಿ, ಇನ್ನೊಂದರಲ್ಲಿ ನೀರು ಹಿಡಿದು ಮಗುವಿನಂತೆ ಅಳುತ್ತಿದ್ದ. ಯಾಕೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಶಾದಾಬ್‌ಗೆ ಹೇಳಿದರೆ ಅವನು ಹೊತ್ತು ಮುಳುಗುವವರೆಗೆ ಕಾದಾನು. ಎಜಾಜ್ ಗಡಿಯಾರ ನೋಡಿದ, ನಾಲ್ಕು ಗಂಟೆ ಐದು ನಿಮಿಷ. ಉಪವಾಸ ಬಿಡುವ ಮಗ್ರಿಬ್ ಐದಕ್ಕೆ. ಪರದೆ ಎಳೆದಿತ್ತು.

ಮೇಷ್ಟ್ರು ಅವನ ಸದ್ದಿಗೆ ಕಣ್ಣು ತೆರೆದರು. "ಎಜಾಜ್. ಮಗ್ರಿಬ್ ಆಯ್ತಾ?"

ಅವರ ಇಡೀ ಮೈ ನಡುಗುತ್ತಿತ್ತು. ಎಜಾಜ್‌ಗೆ ಆ ಒಂದು ನಡುಕ ಬಿಟ್ಟು ಬೇರೆ ಏನೂ ಕಾಣಲಿಲ್ಲ.

"ಆಯ್ತು ಸಾರ್."

"ನೀನೇ ನೋಡಿದ್ಯಾ?"

"ನೋಡಿದೆ ಸಾರ್. ಮುಳುಗ್ತು."

ಮೇಷ್ಟ್ರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತುಟಿಯಲ್ಲೇ ದುವಾ ಹೇಳಿ ಬಾಯಿ ತೆರೆದರು. ಶಾದಾಬ್ ನೀರು ಬಿಟ್ಟ, ಔಷಧಿ ಕೊಟ್ಟ. ಅರ್ಧ ಗಂಟೆಯಲ್ಲಿ ಬೆರಳುಗಳು ಹಾಸಿಗೆಯ ಅಂಚನ್ನು ಬಿಟ್ಟವು. ಹೊರಗೆ ಬಂದ ಶಾದಾಬ್ ಬಿಸಿಲಿನಲ್ಲಿ ನಿಂತು ಎಜಾಜ್‌ನನ್ನು ತಬ್ಬಿಕೊಂಡ. ನೋವಿನಲ್ಲಿ ಅಬ್ಬಾಗೆ ಹೊತ್ತುಗೊತ್ತು ತಪ್ಪಿದೆ, ಏನೇನೋ ಕೇಳುತ್ತಾರೆ, ನೀವು ಹಾಗೆ ಹೇಳಿ ಒಳ್ಳೆಯದು ಮಾಡಿದಿರಿ, ಅಲ್ಲಾಹ್ ನಿಮಗೆ ಒಳ್ಳೆಯದು ಮಾಡಲಿ ಎಂದ. ಎಜಾಜ್ ಆ ಹಾರೈಕೆಯನ್ನೂ ತೆಗೆದುಕೊಂಡ.

ಮೇಷ್ಟ್ರು ಬುಧವಾರ ಹೋದರು. ಸೋಮವಾರ ಸಂಜೆಯ ಮೇಲೆ ಮಾತಾಡಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಜಾಜ್ ಎರಡು ಮಾತು ಆಡಿದ್ದ, ಮೊದಲನೆಯದು ತಪ್ಪು, ಎರಡನೆಯದು ಸುಳ್ಳು. ಮುಂದಿನ ಶುಕ್ರವಾರ ನಮಾಜಿನ ನಂತರ ಅವನು ಹಾಲಿನಲ್ಲಿ ಎದ್ದು ನಿಂತು ಮೊದಲನೆಯದನ್ನು ಹೇಳಿದ. ಸ್ಲೈಡ್ ಎರಡನ್ನೂ ಮೌಲಾನಾರ ಕೈಗೆ ಕೊಟ್ಟ. ಯಾರೂ ಕೂಗಾಡಲಿಲ್ಲ. ಅಯ್ಮಾನ್ ಕೂಡ ತಲೆ ತಗ್ಗಿಸಿದ. ಎಲ್ಲರೂ ಒಂದು ದಿನ ಉಪವಾಸ ಇಟ್ಟುಕೊಳ್ಳಿ, ಮುಗಿಯಿತು ಎಂದರು ಮೌಲಾನಾ.

ಶಾದಾಬ್ ಎರಡನೆಯ ಸಾಲಿನಲ್ಲಿ ಕೂತಿದ್ದ. ಜನ ಕರಗಿದ ಮೇಲೆ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಎಜಾಜ್‌ನ ಪಕ್ಕ ಬಂದು ನಿಂತ.

"ಸೋಮವಾರ ಅಬ್ಬಾ ರೋಜಾ ಇದ್ರು. ಅಲ್ವಾ ಭಾಯ್?"

"ಹೂಂ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನೀವು ಆಯ್ತು ಅಂದಾಗ ಮಗ್ರಿಬ್‌ಗೆ ಇನ್ನೆಷ್ಟು ಹೊತ್ತಿತ್ತು?"

"ಐವತ್ತೈದು ನಿಮಿಷ."

ಶಾದಾಬ್‌ನ ದನಿಯಲ್ಲಿ ಕೋಪ ಇರಲಿಲ್ಲ.

"ಬೆಳಗ್ಗೆಯಿಂದ ತಡ್ಕೊಂಡಿದ್ರು," ಎಂದ. "ಐವತ್ತೈದು ನಿಮಿಷ ತಡ್ಕೊಳ್ತಿರ್ಲಿಲ್ವಾ?"